ಹಾಸನದಿಂದ ದೆಹಲಿಗೆ: ಮೂರು ರಾತ್ರಿ, ಒಂದು ಸೋಮವಾರ, ಒಂದು ಅಡಕತ್ತರಿ

ಹೋದ ಗುರುವಾರ ಬೆಳಗಿನ ಜಾವ ನಾಲ್ಕೂವರೆಗೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಅಮ್ಮನ ಮಂಡಿ ಊದಿತ್ತು. ಅಪ್ಪನ ಗಂಟಲು ಕಟ್ಟಿತ್ತು. ನನ್ನ ಫೋನಿನಲ್ಲಿ ಮೂರು ಪರ್ಸೆಂಟ್ ಚಾರ್ಜ್ ಉಳಿದಿತ್ತು. ಅಂಗಡಿ ತೆಗೆದ ದಿನದಿಂದ ಐದಾರು ಜನ ಬಂದು ಕೇಳಿದ್ದಾರೆ: ಹೇಗಿತ್ತು ದೆಹಲಿ, ಎಷ್ಟಾಯ್ತು, ನಮ್ಮಪ್ಪ ಅಮ್ಮನನ್ನೂ ಕರ್ಕೊಂಡು ಹೋಗಬಹುದಾ ಅಂತ. ಜೆರಾಕ್ಸ್ ಮಾಡ್ತಾ ಮಾಡ್ತಾ ಎಲ್ಲರಿಗೂ ಪೂರ್ತಿ ಹೇಳೋಕಾಗಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಹೌದು, ನನ್ನದು ಜೆರಾಕ್ಸ್ ಅಂಗಡಿ. ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಸುವ ಕೆಲಸ. ಪಹಣಿ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್, ರೈಲ್ವೆ ಟಿಕೆಟ್, ಏನು ಕೇಳಿದರೂ ಮಾಡಿಕೊಡುತ್ತೇನೆ. ದಿನವಿಡೀ ಬೇರೆಯವರ ಫಾರಂ ತುಂಬಿಸುವ ನನಗೆ ಸ್ವಂತ ಅಪ್ಪ ಅಮ್ಮನ ಮೂರು ಟಿಕೆಟ್ ಮಾಡಿಸುವಷ್ಟರಲ್ಲಿ ಬೆವರಿಳಿಯಿತು.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಈಗ 71 ವರ್ಷ. ಬಹಳ ಕಾಲ ಹಾಸನ–ಹೊಳೆನರಸೀಪುರ ರೂಟಿನಲ್ಲಿದ್ದರು. 1996ರ ಜೂನ್ 1ರಂದು ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡಾಗ ಅಪ್ಪನ ಬಸ್ಸಿನಲ್ಲಿ ಯಾರೋ ಒಬ್ಬರು ಸಕ್ಕರೆ ಹಂಚಿದ್ದರಂತೆ. ಹರದನಹಳ್ಳಿಯಿಂದ ಹೊರಟವರು ಅಲ್ಲಿ ಹೋಗಿ ಕೂತರಲ್ಲ, ಆ ಊರನ್ನ ಒಂದು ಸಲ ನೋಡಬೇಕು ಅನ್ನುವುದು ಅಂದಿನಿಂದ ಅಪ್ಪನ ಬಾಯಲ್ಲಿ ಇದ್ದೇ ಇತ್ತು. ಕೆಲಸದಲ್ಲಿದ್ದಾಗ ರಜೆ ಸಿಗಲಿಲ್ಲ, ರಿಟೈರ್ ಆದ ಮೇಲೆ ಕಾಸು ಮಗಳ ಮದುವೆಗೆ ಹೋಯ್ತು. ಹೋದ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಊಟ ಮಾಡುತ್ತಾ, 'ಇನ್ನು ಯಾವಾಗ ನೋಡೋದು ಬಿಡು' ಅಂದರು. ಆ 'ಬಿಡು' ನನಗೆ ಚುಚ್ಚಿತು. ನನ್ನ ಮಗಳಿಗೆ ಪರೀಕ್ಷೆ ಇದ್ದುದರಿಂದ ಹೆಂಡತಿ ಬರುವ ಹಾಗಿರಲಿಲ್ಲ. ನಾನು, ಅಪ್ಪ, ಅಮ್ಮ ಮೂವರೇ ಹೊರಡುವುದು ಅಂತ ಆಯಿತು.

ತಿಂಗಳು ಫೆಬ್ರವರಿ ಅಂತ ನಾನೇ ಹೇಳಿದೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಮಂಜು ಬಿದ್ದು ವಿಮಾನ, ರೈಲು ಎರಡೂ ತಡವಾಗುತ್ತವೆ. ಏಪ್ರಿಲ್ ಬಂದರೆ ಬಿಸಿಲು ಹೊಡೆಯುತ್ತೆ. ಫೆಬ್ರವರಿಯಲ್ಲಿ ಬೆಳಗ್ಗೆ ಸ್ವೆಟರ್ ಸಾಕು, ಮಧ್ಯಾಹ್ನ ಅದೂ ಬೇಡ. ಮೇಲಾಗಿ ರಾಷ್ಟ್ರಪತಿ ಭವನದ ತೋಟ, ಮೊದಲು ಮೊಘಲ್ ಗಾರ್ಡನ್ ಅಂತಿತ್ತು, 2023ರಿಂದ ಅಮೃತ ಉದ್ಯಾನ ಅಂತ ಹೆಸರು, ಅದನ್ನು ಜನರಿಗೆ ತೆರೆಯುವುದು ಮುಖ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ.

ರೈಲೋ ವಿಮಾನವೋ ಅನ್ನುವುದಕ್ಕೆ ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಅಪ್ಪನಿಗೆ ರೈಲೇ ಬೇಕು, ದಾರಿಯುದ್ದಕ್ಕೂ ಊರು ನೋಡಬೇಕು. ಅಮ್ಮನಿಗೆ ವಿಮಾನದ ಹೆಸರೆತ್ತಿದರೆ ಭಯ, ರೈಲಿನ ಹೆಸರೆತ್ತಿದರೆ ಮಂಡಿನೋವು. ಕೊನೆಗೆ ಹೋಗುವಾಗ ರೈಲು, ಬರುವಾಗ ವಿಮಾನ ಅಂತ ಒಪ್ಪಂದವಾಯಿತು. ಈಗ ಯೋಚಿಸಿದರೆ ಇಡೀ ಪ್ಲಾನಿನಲ್ಲಿ ನಾವು ತೆಗೆದುಕೊಂಡ ಅತ್ಯುತ್ತಮ ತೀರ್ಮಾನ ಅದೇ. ಹೋಗುವಾಗ ಹುಮ್ಮಸ್ಸು ಇರುತ್ತೆ, ಎರಡು ರಾತ್ರಿ ರೈಲು ಹಬ್ಬದ ಹಾಗಿರುತ್ತೆ. ಬರುವಾಗ ಯಾರಿಗೂ ಏನೂ ಬೇಡ, ಮನೆ ಬಂದರೆ ಸಾಕು.

ಬೆಂಗಳೂರಿಂದ ಕರ್ನಾಟಕ ಎಕ್ಸ್‌ಪ್ರೆಸ್. ಸಂಜೆ ಹತ್ತಿದರೆ ಮೂರನೇ ದಿನ ಬೆಳಗ್ಗೆ ನವದೆಹಲಿ. ಟಿಕೆಟ್ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತೆ, 2024ರ ನವೆಂಬರ್‌ಗೆ ಮೊದಲು 120 ದಿನ ಇತ್ತು. ಬೆಳಗ್ಗೆ 8ಕ್ಕೆ ಸರಿಯಾಗಿ ಕೂರಬೇಕು. ನಿಮ್ಮ ಅಕೌಂಟಿಗೆ ಆಧಾರ್ ಲಿಂಕ್ ಆಗಿರಲೇಬೇಕು, ಬುಕಿಂಗ್ ತೆರೆದಾಗ ಮೊದಲ ಅವಕಾಶ ಅಂಥವರಿಗೇ. ನಾನು ಏಳೂವರೆಗೇ ಅಂಗಡಿ ಶಟರ್ ಅರ್ಧ ಎತ್ತಿ ಕೂತಿದ್ದೆ. ಹೆಸರು ಹಾಕಿ, ಲೋವರ್ ಬರ್ತ್ ಕೇಳಿ, ದುಡ್ಡು ಕಟ್ಟುವ ಜಾಗಕ್ಕೆ ಬಂದೆ. ಬ್ಯಾಂಕಿನ ಒಟಿಪಿ ಬರಲಿಲ್ಲ. ಗೋಲಿ ತಿರುಗುತ್ತಲೇ ಇತ್ತು. ಒಟಿಪಿ ಬಂದಾಗ 8 ಗಂಟೆ 9 ನಿಮಿಷ. ದುಡ್ಡು ಕಟ್ ಆಯಿತು, ಟಿಕೆಟ್ ಬರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಒಬ್ಬರು ಬಂದು 'ಅಣ್ಣ, ಎರಡು ಆಧಾರ್ ಜೆರಾಕ್ಸ್' ಅಂದರು. ಅವರ ಮೇಲೆ ಯಾಕೆ ರೇಗಿದೆನೋ ಗೊತ್ತಿಲ್ಲ, ಈ ಬರಹ ಓದಿದರೆ ಕ್ಷಮಿಸಿ.

ದುಡ್ಡು ನಾಲ್ಕನೇ ದಿನ ವಾಪಸ್ ಬಂತು. ಮಾರನೇ ದಿನ ಮತ್ತೆ ಕೂತೆ. ಈ ಸಲ ರೈಲ್ವೆ ವ್ಯಾಲೆಟ್‌ಗೆ ಮೊದಲೇ ದುಡ್ಡು ಹಾಕಿಟ್ಟಿದ್ದೆ, ಒಟಿಪಿ ಕಾಯುವ ರಗಳೆ ಕಡಿಮೆ. ಮೂರು ನಿಮಿಷದಲ್ಲಿ ಮೂರು ಟಿಕೆಟ್, ಅದರಲ್ಲಿ ಎರಡು ಲೋವರ್ ಬರ್ತ್. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ ಇದೆ, ಆದರೆ ಅದರಲ್ಲಿ ಒಂದು ಟಿಕೆಟಿಗೆ ಇಬ್ಬರೇ. ಅದಕ್ಕೆ ಅಪ್ಪ ಅಮ್ಮನದ್ದು ಬೇರೆ ಟಿಕೆಟ್, ನನ್ನದು ಬೇರೆ ಮಾಡಿಸಿದೆ. ವಯಸ್ಸಾದವರಿಗೆ ಟಿಕೆಟ್ ದರದಲ್ಲಿ ರಿಯಾಯಿತಿ ಇಲ್ಲ, 2020ರಿಂದಲೇ ನಿಲ್ಲಿಸಿದ್ದಾರೆ. ಅಪ್ಪ ಇದನ್ನು ನಂಬಲಿಲ್ಲ. ನಾನೇ ಸರಿಯಾಗಿ ಒತ್ತಿಲ್ಲ ಅಂತ ಅವರ ವಾದ. ಮೂವರಿಗೆ ಥರ್ಡ್ ಎಸಿ ಏಳು ಸಾವಿರಕ್ಕೆ ಸ್ವಲ್ಪ ಕಡಿಮೆ ಆಯಿತು.

ಇಷ್ಟು ಖುಷಿಯಾಗಿ ಮುಗಿಸಿದ ಮೇಲೆ ರಾತ್ರಿ ಹಾಳೆ ತೆಗೆದುಕೊಂಡು ದಿನ ಹಂಚೋಕೆ ಕೂತೆ. ಶುಕ್ರವಾರ ಸಂಜೆ ರೈಲು, ಭಾನುವಾರ ಬೆಳಗ್ಗೆ ದೆಹಲಿ. ಭಾನುವಾರ ಸುಧಾರಿಸಿಕೊಳ್ಳುವುದು. ಸೋಮವಾರ ಕೆಂಪುಕೋಟೆ, ಅಮೃತ ಉದ್ಯಾನ, ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ. ಮಂಗಳವಾರ ಉಳಿದದ್ದು. ಬುಧವಾರ ವಾಪಸ್. ಅಂಗಡಿಗೂ ಜಾಸ್ತಿ ದಿನ ಬೀಗ ಹಾಕಿದಂತಾಗಲ್ಲ. ಎಷ್ಟು ಚೆನ್ನಾಗಿದೆ ಅಲ್ವಾ? ಆಮೇಲೆ ಒಂದೊಂದೇ ಜಾಗದ ಸಮಯ ನೋಡುತ್ತಾ ಹೋದೆ. ಕೆಂಪುಕೋಟೆ, ಸೋಮವಾರ ರಜೆ. ಅಮೃತ ಉದ್ಯಾನ, ಸೋಮವಾರ ರಜೆ. ಪ್ರಧಾನಮಂತ್ರಿ ಸಂಗ್ರಹಾಲಯ, ಸೋಮವಾರ ರಜೆ. ಕಮಲದ ಆಕಾರದ ಲೋಟಸ್ ಟೆಂಪಲ್, ಅಕ್ಷರಧಾಮ, ನ್ಯಾಷನಲ್ ಮ್ಯೂಸಿಯಂ, ಎಲ್ಲಕ್ಕೂ ಸೋಮವಾರವೇ ರಜೆ.

ಅಪ್ಪನಿಗೆ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, 'ನಮ್ಮಲ್ಲಿ ಮಂಗಳವಾರ ಕಟಿಂಗ್ ಶಾಪ್ ಬಾಗಿಲು ಹಾಕೋ ಹಂಗೆ ಅವರು ಸೋಮವಾರ ದೆಹಲೀನೇ ಹಾಕ್ತಾರೇನ್ಲಾ?' ಅಂದರು.

ಟಿಕೆಟ್ ಕ್ಯಾನ್ಸಲ್ ಮಾಡಿ ಬೇರೆ ದಿನ ನೋಡೋಣ ಅಂದುಕೊಂಡೆ. ಮೊದಲೇ ಕ್ಯಾನ್ಸಲ್ ಮಾಡಿದರೆ ಥರ್ಡ್ ಎಸಿಗೆ ತಲೆಗೆ 180 ರೂಪಾಯಿ, ಮೇಲೆ ಜಿಎಸ್‌ಟಿ. ಅದು ದೊಡ್ಡದಲ್ಲ. ಆದರೆ ಮತ್ತೆ ಎರಡು ಲೋವರ್ ಬರ್ತ್ ಸಿಗುತ್ತೆ ಅಂತ ಯಾರು ಗ್ಯಾರಂಟಿ ಕೊಡುತ್ತಾರೆ? ಟಿಕೆಟ್ ಹಾಗೇ ಬಿಟ್ಟು ಹಾಳೆ ತಿರುಗಿಸಿದೆ. ಸೋಮವಾರವೂ ತೆರೆದಿರುವ ಜಾಗ ಯಾವುವು ಅಂತ ಹುಡುಕಿದೆ. ಕುತುಬ್ ಮಿನಾರ್, ಹುಮಾಯೂನ್ ಸಮಾಧಿ, ಬಂಗ್ಲಾ ಸಾಹಿಬ್ ಗುರುದ್ವಾರ, ಇಂಡಿಯಾ ಗೇಟ್ ಪಕ್ಕದ ಯುದ್ಧ ಸ್ಮಾರಕ. ಇವಿಷ್ಟನ್ನು ಮೊದಲೆರಡು ದಿನಕ್ಕೆ ಹಾಕಿ, ಅಪ್ಪನ ಮುಖ್ಯ ಆಸೆಯನ್ನು ಮಂಗಳವಾರಕ್ಕೆ ಇಟ್ಟೆ. ನೀವು ಹೋಗುವವರಾದರೆ ಟಿಕೆಟ್ ಮಾಡಿಸುವ ಮೊದಲೇ ಸೋಮವಾರ ಎಲ್ಲಿ ಬೀಳುತ್ತೆ ನೋಡಿಕೊಳ್ಳಿ. ತಾಜ್ ಮಹಲ್ ಸೇರಿಸುವವರು ಶುಕ್ರವಾರವನ್ನೂ ನೋಡಬೇಕು, ಅದಕ್ಕೆ ಶುಕ್ರವಾರ ರಜೆ. ನಾವು ತಾಜ್ ಬಿಟ್ಟೆವು. ಆಗ್ರಾಕ್ಕೆ ಹೋಗಿಬರಲು ಒಂದಿಡೀ ದಿನ ಬೇಕು, ಅದೂ ನಡೆಯುವ ದಿನ. ಅಪ್ಪ ಒಂದು ವಾರ ಮುನಿಸಿಕೊಂಡಿದ್ದರು. ರೈಲು ಆಗ್ರಾ ಸ್ಟೇಷನ್‌ನಲ್ಲಿ ನಿಂತಾಗ ಇಳಿದು ಪ್ಲಾಟ್‌ಫಾರಂ ಮೇಲೆ ನಿಂತು, 'ಆಗ್ರಾನೂ ಆಯ್ತು' ಅಂದು ಹತ್ತಿದರು.

ಇನ್ನು ವಿಮಾನದ ಟಿಕೆಟ್. ಇಲ್ಲಿ ನಮ್ಮ ಕಡೆಯ ಜನ ಎಲ್ಲರೂ ಎಡವುತ್ತಾರೆ, ಅದಕ್ಕೆ ಬಿಡಿಸಿ ಬರೆಯುತ್ತೇನೆ. ಫಾರಂನಲ್ಲಿ ಎರಡು ಕಾಲಂ, ಒಂದು ಹೆಸರಿಗೆ, ಇನ್ನೊಂದು ಸರ್‌ನೇಮ್‌ಗೆ. ಎರಡನ್ನೂ ತುಂಬಿಸದೆ ಮುಂದೆ ಹೋಗಲ್ಲ. ನಮಗೆಲ್ಲಿ ಸರ್‌ನೇಮ್? ಅಪ್ಪನ ಹೆಸರಿಗೆ ಊರಿನ ಅಕ್ಷರ, ಅವರಪ್ಪನ ಅಕ್ಷರ ಎರಡು ಇನಿಷಿಯಲ್. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ ಇದೆ, ವೋಟರ್ ಐಡಿಯಲ್ಲಿ ಮುಂದೆ, ಪ್ಯಾನ್ ಕಾರ್ಡಿನಲ್ಲಿ ಅಕ್ಷರ ಬಿಡಿಸಿ ಊರಿನ ಹೆಸರೇ ಪೂರ್ತಿ. ಮೂರು ಕಾರ್ಡು ಪಕ್ಕ ಪಕ್ಕ ಇಟ್ಟರೆ ಮೂರು ಜನ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅಮ್ಮನ ಆಧಾರ್‌ನಲ್ಲಿ ಒಂದೇ ಪದ. ಹಿಂದೆ ಇಲ್ಲ, ಮುಂದೆ ಇಲ್ಲ.

ಯಾವ ಕಾರ್ಡು ತೋರಿಸುತ್ತೀರೋ ಅದರಲ್ಲಿರುವಂತೆಯೇ ಟಿಕೆಟ್‌ನಲ್ಲೂ ಹೆಸರು ಇರಬೇಕು. ಇದು ನೆನಪಿಟ್ಟುಕೊಂಡರೆ ಸಾಕು. ಅಪ್ಪನದ್ದು ಆಧಾರ್ ನೋಡಿ ಹೆಸರನ್ನು ಮೊದಲ ಕಾಲಂಗೆ, ಇನಿಷಿಯಲ್ ಎರಡನ್ನೂ ಸೇರಿಸಿ ಎರಡನೇ ಕಾಲಂಗೆ ಹಾಕಿದೆ. ಅಮ್ಮನದ್ದಕ್ಕೆ ಏನು ಮಾಡಬೇಕು ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. 22 ನಿಮಿಷ ಹಾಡು ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಅದೇ ಹೆಸರನ್ನು ಎರಡೂ ಕಾಲಂಗೆ ಹಾಕಿ ಸರ್ ಅಂದಳು. ಹಾಗೇ ಹಾಕಿದೆ. ಒಂದೊಂದು ಕಂಪನಿಯದ್ದು ಒಂದೊಂದು ಪದ್ಧತಿ ಇರಬಹುದು, ನೀವೂ ದುಡ್ಡು ಕಟ್ಟುವ ಮೊದಲೇ ಕೇಳಿ. ಕಟ್ಟಿದ ಮೇಲೆ ಹೆಸರು ತಿದ್ದಿಸುವುದಕ್ಕೆ ಒದ್ದಾಡಬೇಕು. ಮೂವರಿಗೆ 19,200 ಆಯಿತು. ಟಿಕೆಟ್ ಪ್ರಿಂಟ್ ತೆಗೆದು ಕೊಟ್ಟಾಗ ಅಪ್ಪ ಕನ್ನಡಕ ಹಾಕಿಕೊಂಡು ನೋಡಿ, 'ಇವಳಿಗೆ ಎರಡು ಸೀಟ್ ಯಾಕೆ ಮಾಡ್ಸಿದ್ದೀಯ?' ಅಂದರು.

ಹೋಟೆಲ್ ಆನ್‌ಲೈನ್‌ನಲ್ಲೇ ನೋಡಿದ್ದು. ಕರೋಲ್ ಬಾಗ್‌ನಲ್ಲಿ, ಮೆಟ್ರೋಗೆ ಹತ್ತಿರ, ಮೂರು ಹಾಸಿಗೆಯ ಒಂದು ರೂಮು, ರಾತ್ರಿಗೆ 2,600. 'ಲಿಫ್ಟ್ ಇದೆ' ಅಂತ ಬರೆದಿತ್ತು. ಲಿಫ್ಟ್ ಇದ್ದದ್ದು ನಿಜ. ಆದರೆ ಅದು ಶುರುವಾಗುವುದು ಮೊದಲ ಮಹಡಿಯಿಂದ, ಅಲ್ಲಿಗೆ ಹತ್ತಲು 14 ಮೆಟ್ಟಿಲು. ಎರಡು ರಾತ್ರಿ ರೈಲಿನಲ್ಲಿ ಕಾಲು ಮಡಚಿ ಕೂತ ಅಮ್ಮ ಒಂದೊಂದು ಮೆಟ್ಟಿಲಿಗೂ ನಿಂತು, ಹದಿಮೂರನೆಯದಕ್ಕೆ 'ಮಂಜುನಾಥ' ಅಂದಳು. ಮೆಟ್ಟಿಲ ವಿಷಯವನ್ನು ಫೋನ್ ಮಾಡಿ ಕೇಳಿ. ರಸ್ತೆಯಿಂದ ಲಿಫ್ಟಿಗೆ ಎಷ್ಟು ಮೆಟ್ಟಿಲು, ಹೀಗೇ ಕೇಳಿ. ಇನ್ನೊಂದು, ನಾವು ಹೋದಾಗ ಹತ್ತು ಗಂಟೆ, ರೂಮು ಕೊಡುವುದು ಹನ್ನೆರಡಕ್ಕೆ. ಬೇಗ ಬೇಕಿದ್ದರೆ 700 ಜಾಸ್ತಿ ಅಂದರು. ಅಮ್ಮನ ಮುಖ ನೋಡಿ ಕೊಟ್ಟೆ.

ಹೊರಡುವ ಹಿಂದಿನ ದಿನ ಮನೆಯಲ್ಲಿ ಅಡುಗೆಯೇ ಅಡುಗೆ. ಚಪಾತಿ, ಪುಳಿಯೋಗರೆ, ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆ. ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟೆವು. ಸಾಮಾನು ಇರುವಾಗ ಬಸ್ಸೇ ಅನುಕೂಲ, ಮೆಜೆಸ್ಟಿಕ್‌ನಲ್ಲಿ ಇಳಿದರೆ ಎದುರಿಗೇ ರೈಲ್ವೆ ಸ್ಟೇಷನ್. ಅಮ್ಮನಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಅಪ್ಪನಿಗೆ ನನಗೆ ದುಡ್ಡು. ಕಂಡಕ್ಟರ್ ಹುಡುಗ ಚಿಲ್ಲರೆ ಟಿಕೆಟ್ ಹಿಂದೆ ಬರೆದುಕೊಟ್ಟಿದ್ದನ್ನು ಅಪ್ಪ ಇಳಿಯುವವರೆಗೂ ಅಂಗೈಯಲ್ಲೇ ಹಿಡಿದಿದ್ದರು.

ರೈಲಿನ ಎರಡು ರಾತ್ರಿ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಸೊಲ್ಲಾಪುರದ ಹೊತ್ತಿಗೆ ಅಪ್ಪನಿಗೆ ಇಡೀ ಬೋಗಿ ಪರಿಚಯವಾಗಿತ್ತು. ಭೋಪಾಲ್ ಹೊತ್ತಿಗೆ ನಿಪ್ಪಟ್ಟು ಖಾಲಿಯಾಗಿತ್ತು.

ನವದೆಹಲಿ ಸ್ಟೇಷನ್ ಬಗ್ಗೆ ಮಾತ್ರ ಹೇಳಲೇಬೇಕು. ಹೊರಗೆ ಬರಲು ಎರಡು ಕಡೆ ಇದೆ, ಒಂದು ಪಹಾಡ್‌ಗಂಜ್ ಕಡೆ, ಇನ್ನೊಂದು ಅಜ್ಮೇರಿ ಗೇಟ್ ಕಡೆ. ಮೆಟ್ರೋ ಬೇಕಾದರೆ ಅಜ್ಮೇರಿ ಗೇಟ್ ಕಡೆ ಬನ್ನಿ. ನಾವು ಬ್ಯಾಗ್ ಇದ್ದುದರಿಂದ ಕಾರು ಬುಕ್ ಮಾಡಿ ಕಾಯುತ್ತಿದ್ದೆವು. ಒಬ್ಬ ನೀಟಾಗಿ ಇನ್‌ಶರ್ಟ್ ಮಾಡಿದವನು ಬಂದು ಹೋಟೆಲ್ ಯಾವುದು ಅಂತ ಕೇಳಿದ. ಹೇಳಿದೆ. ಆ ರಸ್ತೆ ಇವತ್ತು ಬಂದ್ ಆಗಿದೆ, ಪಕ್ಕದಲ್ಲೇ ಟೂರಿಸ್ಟ್ ಆಫೀಸ್ ಇದೆ, ಬನ್ನಿ ಬೇರೆ ಹೋಟೆಲ್ ಕೊಡಿಸುತ್ತೇನೆ ಅಂದ. ನಾನು ಒಂದು ಹೆಜ್ಜೆ ಇಟ್ಟೂಬಿಟ್ಟಿದ್ದೆ. ಅಪ್ಪ ನನ್ನ ಬ್ಯಾಗಿನ ಪಟ್ಟಿ ಹಿಡಿದೆಳೆದು ಕನ್ನಡದಲ್ಲೇ ಹೇಳಿದರು, 'ಬಸ್ ಸ್ಟ್ಯಾಂಡಲ್ಲಿ ಇಂಥೋರನ್ನ ಮೂವತ್ತು ವರ್ಷ ನೋಡಿದ್ದೀನಿ ಕಣೋ, ಸುಮ್ನೆ ನಿಂತ್ಕೊ.' ರಸ್ತೆ ಬಂದ್ ಆಗಿರಲಿಲ್ಲ.

ಭಾನುವಾರ ಸಂಜೆ ಇಂಡಿಯಾ ಗೇಟ್. ಜಾತ್ರೆ. ಬಲೂನು, ಐಸ್‌ಕ್ರೀಂ, ಸೆಲ್ಫಿ. ನಮಗೆ ಹಿಡಿಸಿದ್ದು ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕ, 2019ರಲ್ಲಿ ತೆರೆದಿದ್ದು, ಟಿಕೆಟ್ ಇಲ್ಲ. ಸುತ್ತಲೂ ಗೋಡೆ, ಒಂದೊಂದು ಕಲ್ಲಿನಲ್ಲೂ ಒಬ್ಬೊಬ್ಬ ಸೈನಿಕನ ಹೆಸರು. ಅಷ್ಟು ಹೊತ್ತು ಮಾತಾಡುತ್ತಿದ್ದ ಜನರೂ ಒಳಗೆ ಬಂದ ಮೇಲೆ ದನಿ ತಗ್ಗಿಸುತ್ತಾರೆ.

ಸೋಮವಾರ ಬೆಳಗ್ಗೆ ಮೆಟ್ರೋದಲ್ಲಿ ಕುತುಬ್ ಮಿನಾರ್‌ಗೆ ಹೊರಟಾಗ ಅಡಕತ್ತರಿ ಪ್ರಸಂಗ ನಡೆಯಿತು. ಮೆಟ್ರೋದಲ್ಲಿ ಪ್ರತಿ ಸ್ಟೇಷನ್‌ನಲ್ಲೂ ಬ್ಯಾಗ್ ಸ್ಕ್ಯಾನ್ ಮಾಡುತ್ತಾರೆ. ಅಮ್ಮನ ಎಲೆ ಅಡಿಕೆ ಚೀಲ ಒಳಗೆ ಹೋಯಿತು, ಯಂತ್ರ ನಿಂತಿತು. ಗಾರ್ಡ್ ಚೀಲ ಬಿಚ್ಚಿಸಿದರು. ವೀಳ್ಯದೆಲೆ, ಸುಣ್ಣದ ಡಬ್ಬಿ, ಅಡಿಕೆ, ಕೆಳಗೆ ಹಿತ್ತಾಳೆ ಹಿಡಿಯ ಅಡಕತ್ತರಿ. ಅಮ್ಮನ ತವರಿಂದ ಬಂದದ್ದು, ಹಿಡಿಯ ತುದಿಯಲ್ಲಿ ಗಿಳಿಯ ಕೊಕ್ಕಿನ ಹಾಗಿದೆ. ಗಾರ್ಡ್ ಅದನ್ನು ತೆಗೆದು, ತೆರೆದು, ಮುಚ್ಚಿ, ಮತ್ತೆ ತೆರೆದು ಪಕ್ಕದವರಿಗೆ ತೋರಿಸಿದರು. ಅಪ್ಪ ಮುಂದೆ ಬಂದು ತಮ್ಮ ಕಂಡಕ್ಟರ್ ಹಿಂದಿಯಲ್ಲಿ, 'ಸುಪಾರಿ, ಸುಪಾರಿ ಕಾಟ್‌ನೇ ಕಾ' ಅಂದರು. ನನಗೆ ಎದೆ ಧಸಕ್ ಅಂತು. ಪೊಲೀಸರ ಮುಂದೆ ನಿಂತು ಸುಪಾರಿ ಅನ್ನುತ್ತಿದ್ದಾರಲ್ಲ ಅಂತ. ಅಮ್ಮ ಏನೂ ಮಾತಾಡದೆ ಒಂದು ಅಡಿಕೆ ತೆಗೆದು, ಕೈ ಚಾಚಿ ಅಡಕತ್ತರಿ ಇಸಿದುಕೊಂಡು, ಕಟ್ ಅಂತ ಎರಡು ಹೋಳು ಮಾಡಿ ತೋರಿಸಿದಳು. ಗಾರ್ಡ್ ನಕ್ಕುಬಿಟ್ಟರು. 'ಮಾತಾಜಿ' ಅಂತ ಏನೋ ಹೇಳಿ ಈ ಸಲ ಬಿಡುತ್ತೇನೆ, ನಾಳೆಯಿಂದ ತರಬೇಡಿ ಅಂದರು. ಎಲ್ಲರಿಗೂ ಇಂಥ ಗಾರ್ಡ್ ಸಿಗಲ್ಲ. ಚಾಕು, ಕತ್ತರಿ, ಅಡಕತ್ತರಿ ರೂಮಿನಲ್ಲೇ ಇಡಿ. ಅಮ್ಮ ರಾತ್ರಿಯೇ ಮಾರನೇ ದಿನಕ್ಕೆ ಬೇಕಾದಷ್ಟು ಅಡಿಕೆ ಹೋಳು ಮಾಡಿಟ್ಟುಕೊಳ್ಳಲು ಶುರುಮಾಡಿದಳು.

ಮೆಟ್ರೋ ಮಾತ್ರ ಬಹಳ ಅನುಕೂಲ. ಲಿಫ್ಟ್ ಇದೆ, ಮೊದಲ ಬೋಗಿ ಹೆಂಗಸರಿಗೇ. ಆದರೆ ರಾಜೀವ್ ಚೌಕ್‌ನಲ್ಲಿ ಗಾಡಿ ಬದಲಾಯಿಸುವಾಗ ಬೆಳಗ್ಗೆ ಒಂಬತ್ತರಿಂದ ಹತ್ತೂವರೆ ತಪ್ಪಿಸಿ. ಇನ್ನೊಂದು ಮಾತು, 'ಕುತುಬ್ ಮಿನಾರ್' ಅಂತ ಸ್ಟೇಷನ್ ಹೆಸರಿದ್ದರೂ ಮಿನಾರ್ ಅಲ್ಲಿಂದ ಒಂದೂವರೆ ಕಿಲೋಮೀಟರ್‌ಗೂ ಜಾಸ್ತಿ. ಆಟೋ ಹಿಡಿಯಿರಿ. ಟಿಕೆಟ್ ಆನ್‌ಲೈನ್‌ನಲ್ಲಿ 35, ಅಲ್ಲೇ ತಗೊಂಡರೆ 40. ಹುಮಾಯೂನ್ ಸಮಾಧಿಗೂ ಅಷ್ಟೇ. ಐದು ರೂಪಾಯಿ ಉಳಿತಾಯಕ್ಕಲ್ಲ, ಕ್ಯೂ ತಪ್ಪಿಸೋಕೆ ಮೊದಲೇ ತಗೊಳ್ಳಿ.

ಮಿನಾರ್ ಸುಮಾರು 73 ಮೀಟರ್ ಎತ್ತರ. ಒಳಗೆ 379 ಮೆಟ್ಟಿಲು, ಆದರೆ 1981ರಲ್ಲಿ ಕಾಲ್ತುಳಿತವಾದ ಮೇಲೆ ಯಾರನ್ನೂ ಹತ್ತಲು ಬಿಡುವುದಿಲ್ಲ. ಇದನ್ನು ಕೇಳಿ ಅಮ್ಮನಿಗೆ ಆದಷ್ಟು ಸಂತೋಷ ಇಡೀ ಪ್ರವಾಸದಲ್ಲಿ ಇನ್ಯಾವುದರಿಂದಲೂ ಆಗಲಿಲ್ಲ. ಅಲ್ಲೇ ಅಂಗಳದಲ್ಲಿ ತುಕ್ಕು ಹಿಡಿಯದ ಕಬ್ಬಿಣದ ಕಂಬ ಇದೆ, ಗುಪ್ತರ ಕಾಲದ್ದು, ಆರು ಟನ್ನಿಗೂ ಜಾಸ್ತಿ ತೂಕ. ಜನ ಸುತ್ತ ನಿಂತು ಬೆರಗಾಗಿ ನೋಡುತ್ತಿದ್ದರು. ಅಮ್ಮ ಬೇಲಿ ಹಿಡಿದು ಕೆಳಗೆ ಮೇಲೆ ನೋಡಿ, 'ಇದನ್ನ ಹೂತಿದ್ದಾರೆ. ನಮ್ಮ ಬೇಲೂರು ಕಂಬ ಸುಮ್ನೆ ಕಟ್ಟೆ ಮೇಲೆ ನಿಂತಿಲ್ವಾ' ಅಂದಳು. 42 ಅಡಿಯ ಆ ಕಲ್ಲಿನ ಕಂಬ ತನ್ನ ಭಾರದಲ್ಲೇ ನಿಂತಿರುವುದು ನಮಗೆಲ್ಲ ಗೊತ್ತು, ಆದರೆ ದೆಹಲಿಗೆ ಬಂದು ಅದನ್ನು ಹೊಗಳುವುದು ಅಮ್ಮನಿಗೇ ಆಗಬೇಕು.

ಹುಮಾಯೂನ್ ಸಮಾಧಿ ಎತ್ತರದ ಕಟ್ಟೆ ಮೇಲಿದೆ, ಮೆಟ್ಟಿಲು ಕಡಿದು. ಅಮ್ಮ ಕೆಳಗಿನ ತೋಟದಲ್ಲೇ ಕೂತಳು. ಅಪ್ಪ ಹತ್ತಿ ಬಂದರು. ಮಧ್ಯಾಹ್ನ ಊಟಕ್ಕೆ ಆಂಧ್ರ ಭವನದ ಕ್ಯಾಂಟೀನ್, ಇಂಡಿಯಾ ಗೇಟ್ ಹತ್ತಿರ. ಅನ್ನ, ಪಪ್ಪು, ಗೊಂಗೂರ, ಬಡಿಸುತ್ತಲೇ ಇರುತ್ತಾರೆ. ಎರಡು ದಿನ ರೊಟ್ಟಿ ತಿಂದ ಅಪ್ಪ ಅನ್ನ ನೋಡಿ ಮೂರು ಸಲ ಹಾಕಿಸಿಕೊಂಡರು. ಸಂಜೆ ಬಂಗ್ಲಾ ಸಾಹಿಬ್. ತಲೆಗೆ ಬಟ್ಟೆ ಕಟ್ಟಬೇಕು, ಅಪ್ಪ ಟವೆಲ್ ಕಟ್ಟಿದರು. ನೆಲದಲ್ಲಿ ಸಾಲಾಗಿ ಕೂರಿಸಿ ಊಟ ಹಾಕುತ್ತಾರೆ, ಯಾರು ಏನು ಅಂತ ಕೇಳುವುದಿಲ್ಲ. ಅಮ್ಮ ತಟ್ಟೆ ನೋಡುತ್ತಾ, 'ಧರ್ಮಸ್ಥಳದ ಥರಾನೇ ಅಲ್ವೇನೋ' ಅಂದಳು. ಆಮೇಲೆ ಅಲ್ಲಿನ ಹೆಂಗಸರ ಜೊತೆ ಕೂತು ಅರ್ಧ ಗಂಟೆ ರೊಟ್ಟಿ ಲಟ್ಟಿಸಿದಳು. ಅವರ ಭಾಷೆ ಇವಳಿಗೆ ಬಾರದು, ಇವಳದ್ದು ಅವರಿಗೆ ಬಾರದು. ರೊಟ್ಟಿ ಗುಂಡಗೇ ಬಂದವು.

ಮಂಗಳವಾರ ಅಪ್ಪನ ದಿನ. ಅಮೃತ ಉದ್ಯಾನಕ್ಕೆ ಆನ್‌ಲೈನ್‌ನಲ್ಲಿ ಸಮಯ ಬುಕ್ ಮಾಡಬೇಕು, ದುಡ್ಡಿಲ್ಲ. ರಾಷ್ಟ್ರಪತಿ ಭವನದ ಒಳಗೆ ನೋಡಲು ಬೇರೆ ಬುಕಿಂಗ್, ತಲೆಗೆ 50 ರೂಪಾಯಿ, ಅದು ನಮಗೆ ಸಿಗಲಿಲ್ಲ. ತೋಟಕ್ಕೆ ಹೋಗುವುದು 35ನೇ ಗೇಟಿನಿಂದ. ಸೆಂಟ್ರಲ್ ಸೆಕ್ರೆಟೇರಿಯಟ್ ಮೆಟ್ರೋ ಸ್ಟೇಷನ್‌ನಿಂದ ಅಲ್ಲಿಗೆ ಬಸ್ಸು ಬಿಟ್ಟಿರುತ್ತಾರೆ, ಆಟೋದವರ ಮಾತು ಕೇಳಿ ಸುತ್ತಬೇಡಿ. ತಿನ್ನುವ ವಸ್ತು ಬಿಡುವುದಿಲ್ಲ. ಅಮ್ಮ ಹೋಳು ಮಾಡಿಟ್ಟ ಅಡಿಕೆ ಪೂರ್ತಿ ಗೇಟಿನಲ್ಲೇ ಉಳಿಯಿತು. ಕ್ಯೂ ಬಗ್ಗೆ ಹೆದರಬೇಡಿ, ಹಾಸನಾಂಬೆ ದರ್ಶನಕ್ಕೆ ನಿಂತವರಿಗೆ ಅದೊಂದು ಕ್ಯೂನೇ ಅಲ್ಲ. ಟುಲಿಪ್ ಹೂ ಸಾಲು ಸಾಲಾಗಿದ್ದವು. ಅಪ್ಪ ಹೂವಿಗಿಂತ ಹಿಂದಿನ ಕಟ್ಟಡವನ್ನೇ ನೋಡುತ್ತಿದ್ದರು. 'ಪ್ರಮಾಣವಚನ ಇದರೊಳಗೇ ಅಲ್ವಾ?' ಅಂತ ಎರಡು ಸಲ ಕೇಳಿದರು.

ಅಲ್ಲಿಂದ ತೀನ್ ಮೂರ್ತಿ ಹತ್ತಿರ. ಪ್ರಧಾನಮಂತ್ರಿ ಸಂಗ್ರಹಾಲಯ 2022ರ ಏಪ್ರಿಲ್‌ನಲ್ಲಿ ಶುರುವಾದದ್ದು. ನೆಹರೂ ಇದ್ದ ಹಳೆಯ ಮನೆ ಒಂದು ಕಡೆ, ಹೊಸ ಕಟ್ಟಡ ಇನ್ನೊಂದು ಕಡೆ. ಮೂರು ಗಂಟೆ ಇಟ್ಟುಕೊಳ್ಳಿ. ನಾವು ಅಮ್ಮನನ್ನು ಸಿಕ್ಕ ಸಿಕ್ಕ ಬೆಂಚಿನಲ್ಲಿ ಕೂರಿಸುತ್ತಾ ನಿಧಾನವಾಗಿ ಹೋದೆವು. ಶಾಸ್ತ್ರಿ, ಇಂದಿರಾ, ಮೊರಾರ್ಜಿ ದಾಟಿ ದೇವೇಗೌಡರ ಜಾಗಕ್ಕೆ ಬಂದಾಗ ಅಪ್ಪ ನಿಂತರು. ಕನ್ನಡಕ ತೆಗೆದು ಶರ್ಟಿನ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಗೌಡರು ಆ ಕುರ್ಚಿಯಲ್ಲಿ ಇದ್ದದ್ದು 1997ರ ಏಪ್ರಿಲ್ 21ರವರೆಗೆ, ಹನ್ನೊಂದು ತಿಂಗಳೂ ತುಂಬಲಿಲ್ಲ. ಬೇರೆಯವರು ಅರ್ಧ ನಿಮಿಷಕ್ಕೆ ಮುಂದೆ ಹೋಗುತ್ತಿದ್ದರು. ಅಪ್ಪ ಇಪ್ಪತ್ತು ನಿಮಿಷ ಅಲ್ಲೇ ಇದ್ದರು. ಉತ್ತರದ ಕಡೆಯ ಒಬ್ಬ ಮಧ್ಯವಯಸ್ಕ ಪಕ್ಕದಲ್ಲಿ ನಿಂತಾಗ ಅವರ ತೋಳು ಮುಟ್ಟಿ, 'ಯೇ ಹಮಾರಾ ಜಿಲ್ಲಾವಾಲಾ. ಹಮಾರಾ ಬಸ್ ರೂಟ್' ಅಂದರು. ಆ ಮನುಷ್ಯನಿಗೆ ಬಸ್ ರೂಟ್ ಯಾಕೆ ಬಂತು ಅಂತ ಅರ್ಥವಾಗಲಿಲ್ಲ, ಆದರೂ ಕೈ ಮುಗಿದರು. ಹೊರಗೆ ಬಂದ ಮೇಲೆ ಅಪ್ಪ ಹೇಳಿದ್ದು ಒಂದೇ ಮಾತು, 'ಟೀ ಕುಡಿಯಣ.'

ಬುಧವಾರ ಬೆಳಗ್ಗೆ ಬ್ಯಾಗ್ ಹೋಟೆಲ್‌ನಲ್ಲೇ ಇಟ್ಟು ಕೆಂಪುಕೋಟೆಗೆ ಹೋದೆವು. ತಪಾಸಣೆಯ ಸಾಲು ಉದ್ದವಿತ್ತು, ಅಮ್ಮನ ಮಂಡಿ ಅಷ್ಟೊತ್ತಿಗೆ ಊದಿತ್ತು. ಆಗಸ್ಟ್ 15ಕ್ಕೆ ಟಿವಿಯಲ್ಲಿ ಕಾಣುವ ಗೋಡೆ ಇದೇ ತಾನೆ, ಕಂಡಾಯ್ತಲ್ಲ ಅಂದಳು. ಹೊರಗಿನಿಂದಲೇ ಫೋಟೋ ತೆಗೆಸಿಕೊಂಡು ಬಂದೆವು. ನನಗೇನೂ ಬೇಜಾರಿಲ್ಲ. ವಯಸ್ಸಾದವರ ಜೊತೆ ದಿನಕ್ಕೆ ಎರಡು ಜಾಗ ಅಂತ ಇಟ್ಟುಕೊಳ್ಳಿ, ಮೂರನೆಯದು ಅವರೇ ಕೇಳಿದರೆ ಮಾತ್ರ.

ಏರ್‌ಪೋರ್ಟ್‌ಗೆ ಹೊರಡುವ ಮೊದಲು ಟಿಕೆಟ್‌ನಲ್ಲಿ ಟರ್ಮಿನಲ್ ಯಾವುದು ನೋಡಿ. ಮೂರನೇ ಟರ್ಮಿನಲ್‌ಗೆ ನವದೆಹಲಿ ಸ್ಟೇಷನ್‌ನಿಂದ ಏರ್‌ಪೋರ್ಟ್ ಮೆಟ್ರೋ ನೇರ ಹೋಗುತ್ತೆ. ಒಂದನೇ ಟರ್ಮಿನಲ್ ಬೇರೆ ಲೈನಿನಲ್ಲಿದೆ. ವೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡಿಸುವಾಗಲೇ ಹಾಕಬಹುದು. ನಾನು ಹಾಕಿದ್ದೆ, ಅಮ್ಮ 'ನಾನೇನು ಕುಂಟೀನಾ' ಅಂತ ತೆಗೆಸಿದ್ದಳು. ಗೇಟಿಗೆ ನಡೆದೂ ನಡೆದೂ ಸಾಕಾದಾಗ ನನ್ನ ಮುಖ ನೋಡಲಿಲ್ಲ. ಅಡಕತ್ತರಿ ದೊಡ್ಡ ಬ್ಯಾಗಿಗೆ ಹಾಕಿ ಕೊಟ್ಟೆವು. ಪವರ್ ಬ್ಯಾಂಕ್ ಮಾತ್ರ ಕೈ ಬ್ಯಾಗಿನಲ್ಲೇ ಇರಬೇಕು. ಮಾತ್ರೆ ಕೂಡ ಕೈಯಲ್ಲೇ ಇಟ್ಟುಕೊಳ್ಳಿ. ಅರಸೀಕೆರೆ ಕಡೆಯವರು ದೆಹಲಿ ನೆಂಟರಿಗೆ ಅಂತ ವಿಮಾನದಲ್ಲಿ ಕೊಬ್ಬರಿ ಒಯ್ಯಬೇಡಿ. ಅದರಲ್ಲಿ ಎಣ್ಣೆ ಇರುತ್ತೆ, ಬೆಂಕಿ ಹತ್ತಬಹುದು ಅಂತ ಬ್ಯಾಗಿಂದ ತೆಗೆಸುತ್ತಾರೆ.

ಲೆಕ್ಕ ಕೇಳುವವರಿಗೆ: ರೈಲು, ವಿಮಾನ, ರೂಮು ಸೇರಿ 34 ಸಾವಿರದ ಹತ್ತಿರ. ಊಟ ತಿಂಡಿಗೆ 4,300. ಕಾರು, ಆಟೋ, ಮೆಟ್ರೋಗೆ 3,900. ಬಸ್ಸು, ಪ್ರವೇಶ ಟಿಕೆಟ್, ಚಿಲ್ಲರೆ ಖರ್ಚು ಸೇರಿಸಿ ಮೂವರಿಗೆ ಒಟ್ಟು 44 ಸಾವಿರ. ಅಮ್ಮ ಕರೋಲ್ ಬಾಗ್‌ನಲ್ಲಿ ತೆಗೆದ ಸೀರೆಗಳ ಲೆಕ್ಕ ಇದರಲ್ಲಿ ಇಲ್ಲ, ಅದನ್ನು ಅವಳು ಹೇಳಿಯೂ ಇಲ್ಲ.

ಬೆಂಗಳೂರಿನಲ್ಲಿ ಇಳಿದಾಗ ರಾತ್ರಿ ಒಂಬತ್ತು. ವಾಯು ವಜ್ರದಲ್ಲಿ ಮೆಜೆಸ್ಟಿಕ್‌ಗೆ ಬಂದೆವು, ಅದರಲ್ಲಿ ಶಕ್ತಿ ನಡೆಯಲ್ಲ, ಎಲ್ಲರಿಗೂ ಟಿಕೆಟ್. ಅಲ್ಲಿ ಹಾಸನದ ಬಸ್ಸು ಹತ್ತಿದೆವು. ಅಮ್ಮ ಕೂತ ಕೂಡಲೇ ದೊಡ್ಡ ಬ್ಯಾಗಿನ ಜಿಪ್ ಎಳೆದು ಅಡಕತ್ತರಿ ಹುಡುಕಿ ಮಡಿಲಲ್ಲಿ ಇಟ್ಟುಕೊಂಡಳು. ಕಂಡಕ್ಟರ್ ಅವಳಿಗೆ ಶೂನ್ಯ ಟಿಕೆಟ್ ಹರಿದುಕೊಟ್ಟರು. ಅಪ್ಪ ಅದನ್ನು ತೆಗೆದುಕೊಂಡು, ಜೇಬಿನಿಂದ ಅವಳ ಬೋರ್ಡಿಂಗ್ ಪಾಸ್ ತೆಗೆದು, ಎರಡನ್ನೂ ದೀಪಕ್ಕೆ ಹಿಡಿದು ನೋಡಿದರು.

'ನೋಡಪ್ಪ,' ಅಂತ ಆ ಕಂಡಕ್ಟರ್‌ಗೆ ತೋರಿಸಿದರು, 'ಅವರು ಒಂದು ಸೀಟಿಗೆ ಎರಡು ಸಲ ಹೆಸರು ಬರ್ದು ಆರು ಸಾವಿರ ತಗೊಂಡ್ರು. ನೀನು ಹೆಸರೂ ಕೇಳಲಿಲ್ಲ, ಕಾಸೂ ಕೇಳಲಿಲ್ಲ.'

ಆಮೇಲೆ ಎರಡನ್ನೂ ಒಟ್ಟಿಗೆ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡು, ನೆಲಮಂಗಲ ದಾಟುವ ಮೊದಲೇ ನಿದ್ದೆ ಹೋದರು.